ಪ್ರವೇಶ ಪರೀಕ್ಷೆಯ ಅಂಕಗಳು ಸೋರುವುದೆಲ್ಲಿ?

(ರೋಣ, ನರಗುಂದ ಮತ್ತು ಗಜೇಂದ್ರಗಡದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪಿಯುಸಿ ಮಕ್ಕಳನ್ನು ಪ್ರವೇಶ ಪರೀಕ್ಷೆಗಳಿಗೆ ಅಣಿಗೊಳಿಸುವ ಬಗ್ಗೆ ಮಾತನಾಡಬೇಕೆಂದು ತಾವು ನಮ್ಮನ್ನು ಕರೆದಿದ್ದೀರಿ. ಹುಬ್ಬಳ್ಳಿ-ಧಾರವಾಡಗಳಲ್ಲಿ ಯಾವ ಕೋಚಿಂಗ್ ಉತ್ತಮ, ಶುಲ್ಕವೆಷ್ಟು ಎಂಬ ಮಾಹಿತಿಯನ್ನು ಕೆಲವರು ನಿರೀಕ್ಷಿಸಿರಬಹುದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಹನ್ನೆರಡು ವರ್ಷ ವ್ಯಾಸಂಗ ಮಾಡಿದ ನಮ್ಮ ಮಗು ಒಂದು ಪುಟದ ಗದ್ಯವನ್ನು ಐದು ನಿಮಿಷದಲ್ಲಿ ಓದಿ, ಅದರ ತಾತ್ಪರ್ಯವನ್ನು ತನ್ನದೇ ಮಾತಿನಲ್ಲಿ ನಾಲ್ಕು ಸಾಲು ಬರೆಯಬಲ್ಲದೇ? ಇಂದು ರಾತ್ರಿ ಮನೆಯಲ್ಲಿ ಪತ್ರಿಕೆಯ ಒಂದು ಸಂಪಾದಕೀಯವನ್ನು ಕೊಟ್ಟು ಪರೀಕ್ಷಿಸಿ ನೋಡಿರಿ. ಅಂಕಗಳು ಸೋರುವ ತೂತು ಅಲ್ಲಿಯೇ ಕಾಣಿಸುವುದು.

ಪರೀಕ್ಷೆಗಳ ಸ್ವರೂಪ ಬದಲಾಗಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕಾಗಿ 2022ರಲ್ಲಿ ಸಿಯುಇಟಿ ಆರಂಭವಾಯಿತು. ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಬಾಗಿಲೂ ಅದರಿಂದಲೇ ತೆರೆಯುತ್ತದೆ. ಅದರ ಭಾಷಾ ಪತ್ರಿಕೆಯ ಮುಖ್ಯ ಭಾಗವೇ ಗದ್ಯಭಾಗವನ್ನು ಓದಿ ಅರ್ಥೈಸುವುದು. 2025ರ ಮಾದರಿಯಂತೆ 60 ನಿಮಿಷಗಳಲ್ಲಿ 50 ಪ್ರಶ್ನೆ. ಸರಿಯುತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ಈ ಪರೀಕ್ಷೆಯನ್ನು ನಡೆಸುವ 13 ಭಾಷೆಗಳಲ್ಲಿ ಕನ್ನಡವೂ ಉರ್ದುವೂ ಇವೆಯೆಂಬುದು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು? ಯಾವ ಕೋರ್ಸಿಗೆ ಯಾವ ಭಾಷಾ ಪತ್ರಿಕೆ ಬರೆಯಬೇಕೆಂಬುದನ್ನು ಮಾತ್ರ ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಕಾನೂನು ವ್ಯಾಸಂಗದ ಕ್ಲ್ಯಾಟ್ ಪರೀಕ್ಷೆಯು 2020ರಿಂದ ಪೂರ್ಣವಾಗಿ ಗದ್ಯಭಾಗಗಳನ್ನೇ ಆಧರಿಸಿದೆ. ಅದು ಇಂಗ್ಲಿಷಿನಲ್ಲಿ ಮಾತ್ರ. ವೈದ್ಯಕೀಯದ ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ. ಪ್ರಶ್ನೆಯನ್ನು ಎರಡು ಸಲ ಓದುವವನಿಗೆ ಉತ್ತರ ಯೋಚಿಸಲು ಸಮಯವೆಲ್ಲಿದೆ? ರಾಜ್ಯದ ಸಿಇಟಿಯ ರ‍್ಯಾಂಕಿಗೆ ಭಾಷೆಯ ಅಂಕಗಳು ಸೇರುವುದಿಲ್ಲವೆಂಬುದು ನಿಜ. ಆ ಒಂದು ನೆಪದಿಂದಲೇ ಪಿಯುಸಿಯಲ್ಲಿ ಭಾಷೆಗಳನ್ನು ಕಡೆಗಣಿಸುವ ಚಾಳಿ ಬೆಳೆದಿದೆ.

ನಮ್ಮ ಮಕ್ಕಳ ಸಮಸ್ಯೆಗೆ ಇನ್ನೊಂದು ಮುಖವಿದೆ. ಮನೆಯಲ್ಲಿ ದಖನಿ, ಮದ್ರಸದಲ್ಲಿ ಅರಬಿ ಮತ್ತು ಉರ್ದು, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ನಾಲ್ಕು ಭಾಷೆಗಳ ನಡುವೆ ಬೆಳೆಯುವುದು ಅಲ್ಲಾಹನ ದೊಡ್ಡ ಅನುಗ್ರಹ. ಆದರೆ ಯಾವುದೊಂದರಲ್ಲಿಯೂ ಒಂದು ಪುಸ್ತಕವನ್ನು ಕೊನೆಯ ತನಕ ಓದದೆ ಬೆಳೆದರೆ, ಆ ಅನುಗ್ರಹವು ನಾಲ್ಕು ಅರ್ಧಂಬರ್ಧ ತಿಳಿವಳಿಕೆಗಳಾಗಿ ಉಳಿಯುತ್ತದೆ. ದಖನಿಯಲ್ಲಿ 'ಳ' ಇಲ್ಲ. ಆದ್ದರಿಂದ ಮಗು 'ಹಳ್ಳಿ' ಎಂದು ಬರೆಯಬೇಕಾದಲ್ಲಿ 'ಹಲ್ಲಿ' ಎಂದು ಬರೆಯುತ್ತದೆ. ಉರ್ದುವಿನಲ್ಲಿ ಎ-ಏ ಎಂಬ ಹ್ರಸ್ವ-ದೀರ್ಘಗಳ ವ್ಯತ್ಯಾಸವಿಲ್ಲ. ಹಾಗಾಗಿ ಹೊಲದ 'ಬೆಳೆ' ಅಡುಗೆಮನೆಯ 'ಬೇಳೆ' ಆಗಿಬಿಡುತ್ತದೆ. ಉರ್ದುವಿನಲ್ಲಿ ಲಿಂಗಗಳು ಎರಡೇ. ಕನ್ನಡದ ನಪುಂಸಕಲಿಂಗದಲ್ಲಿ ಮಗು ಎಡವುತ್ತದೆ. ಇವು ದಡ್ಡತನದ ಲಕ್ಷಣಗಳಲ್ಲ, ತಾಯ್ನುಡಿಯ ನೆರಳು ಮಾತ್ರ. ಕಾರಣ ತಿಳಿದ ಶಿಕ್ಷಕರು ಕೆಲವು ವಾರಗಳಲ್ಲಿ ತಿದ್ದಬಲ್ಲರು. ಕಾರಣ ತಿಳಿಯದವರು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತ ಹೋಗುತ್ತಾರೆ, ಮಗು ಬರೆಯುವುದನ್ನೇ ನಿಲ್ಲಿಸುತ್ತದೆ.

ಕಹಿಯೆನಿಸಬಹುದಾದ ಮಾತೊಂದನ್ನು ಹೇಳಲೇಬೇಕು. ನಮ್ಮ ಮಕ್ಕಳು ಕುರ್‌ಆನನ್ನು ತಜ್‌ವೀದ್ ಸಹಿತ ಸೊಗಸಾಗಿ ಪಾರಾಯಣ ಮಾಡುತ್ತಾರೆ. ಅದರ ಪುಣ್ಯದಲ್ಲಿ ಸಂದೇಹವಿಲ್ಲ. ಆದರೆ ಅರ್ಥವನ್ನು ಕೇಳದೆಯೇ ಓದಿ ಮುಗಿಸುವ ಅಭ್ಯಾಸ ಶಾಲೆಯ ಪಾಠಕ್ಕೂ ಅಂಟಿಕೊಂಡಿದೆ. ಗದ್ಯವನ್ನು ಗಟ್ಟಿಯಾಗಿ ಓದಿದ ಮಗುವನ್ನು 'ಏನು ಹೇಳಿದ್ದಾರೆ?' ಎಂದು ಕೇಳಿದರೆ ಮೌನ. ಕುರ್‌ಆನಿನ ಕನ್ನಡ ಅನುವಾದಗಳು ಲಭ್ಯವಿವೆ. ದಿನಕ್ಕೆ ಐದು ವಚನಗಳ ಅರ್ಥವನ್ನು ಓದಿಸಿ, ತಾಯಿಗೆ ವಿವರಿಸಲು ಹೇಳಿದರೆ ದೀನಿನ ತಿಳಿವಳಿಕೆಯೂ ಭಾಷೆಯೂ ಒಟ್ಟಿಗೆ ಬೆಳೆಯುತ್ತವೆ. ಮೊದಲ ದಿವ್ಯವಾಣಿಯೇ ಓದುವ ಆದೇಶದಿಂದ ಆರಂಭವಾಯಿತೆಂಬುದನ್ನು ಪ್ರತಿ ಸಭೆಯಲ್ಲಿಯೂ ಹೇಳುತ್ತೇವೆ. ಬದ್ರ್ ಯುದ್ಧದ ಕೈದಿಗಳಲ್ಲಿ ಬರಹ ಬಲ್ಲವರು ಮದೀನಾದ ಹತ್ತು ಮಕ್ಕಳಿಗೆ ಬರೆಯಲು ಕಲಿಸಿದರೆ ಅದೇ ಅವರ ಬಿಡುಗಡೆಯ ಮೌಲ್ಯವೆಂದು ಪ್ರವಾದಿ(ಸ) ನಿಗದಿಪಡಿಸಿದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಆ ಶಿಕ್ಷಕರು ಶತ್ರು ಪಾಳಯದವರಾಗಿದ್ದರು! ಕನ್ನಡ ಕಲಿತರೆ ನಮ್ಮತನ ಹೋಗುವುದೆಂದು ಅಂಜುವವರು ಇದನ್ನು ಆಲೋಚಿಸಲಿ.

ಉರ್ದುವನ್ನು ಬಿಡಿರಿ ಎಂದು ನಾವು ಹೇಳುತ್ತಿಲ್ಲ. ಆದರೆ ಈ ನಾಡಿನಲ್ಲಿ ಅರ್ಜಿ, ನ್ಯಾಯ, ನೌಕರಿ ಎಲ್ಲವೂ ಕನ್ನಡದಲ್ಲಿವೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಪ್ರತಿ ಮಗುವೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯಲೇಬೇಕು. ಕಲಿಯಲೇಬೇಕಾದುದನ್ನು ಚೆನ್ನಾಗಿ ಕಲಿಯುವುದರಲ್ಲಿ ನಷ್ಟವೇನು? ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳೊಳಗೆ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. 2025ರಲ್ಲಿ ಅವರ ಕನ್ನಡ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ನಮ್ಮ ಪಕ್ಕದ ಸೀಮೆಯ ಶಿಶುನಾಳ ಶರೀಫರಿಗೆ ಕನ್ನಡ ಪರಭಾಷೆಯಾಗಿತ್ತೇ?

'ಸರಕಾರವೇ ನಮಗೆ ಬಾಗಿಲು ಮುಚ್ಚುತ್ತಿರುವಾಗ ಓದಿ ಫಲವೇನು?' ಎಂದು ಯುವಕರು ಕೇಳುತ್ತಾರೆ. ಅವರ ನೋವು ಸುಳ್ಳಲ್ಲ. ಸಾಚಾರ್ ಸಮಿತಿಯು 2006ರಲ್ಲಿ ಮುಸ್ಲಿಮರ ಸಾಕ್ಷರತೆ 59.1 ಶೇಕಡಾ, ಅದು ರಾಷ್ಟ್ರೀಯ ಸರಾಸರಿಗಿಂತ ಕಡಿಮೆ ಎಂದು ತೋರಿಸಿತು. ಹಾಗಿದ್ದೂ 2022ರಲ್ಲಿ ಕೇಂದ್ರವು ಒಂದರಿಂದ ಎಂಟನೆಯ ತರಗತಿವರೆಗಿನ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. 2023ರಲ್ಲಿ ಅಂದಿನ ರಾಜ್ಯ ಸರಕಾರವು 2ಬಿ ಪ್ರವರ್ಗದ 4 ಶೇಕಡಾ ಮೀಸಲಾತಿಯನ್ನು ರದ್ದುಪಡಿಸಲು ಹೊರಟಾಗ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಗಜೇಂದ್ರಗಡದ ಗಡಿ ದಾಟಿ ಕುಷ್ಟಗಿಗೆ ಹೋದರೆ 371-ಜೆ ಮೀಸಲಾತಿ ಇದೆ. ಗದಗ ಜಿಲ್ಲೆಗೆ ಅದಿಲ್ಲ. ಇವೆಲ್ಲವುಗಳ ವಿರುದ್ಧ ಹೋರಾಡಬೇಕು. ಆ ಹೋರಾಟದ ಮನವಿಯನ್ನು ಬರೆಯುವವರು ಯಾರು, ಆದೇಶದ ಪ್ರತಿಯನ್ನು ಓದಿ ಲೋಪ ಹುಡುಕುವವರು ಯಾರು?

ಇನ್ನು ಮನೆಯಲ್ಲಿ ಮಾಡಬೇಕಾದ ಕೆಲಸ. ಎಂಟನೆಯ ತರಗತಿಯಿಂದಲೇ ಆರಂಭಿಸಿರಿ. ಪರೀಕ್ಷೆಗೆ ತಿಂಗಳಿರುವಾಗ ಓದುವ ವೇಗ ಬಾರದು. ದಿನಕ್ಕೆ ಅರ್ಧ ಗಂಟೆ ಮೊಬೈಲನ್ನು ತಂದೆಯೂ ಪಕ್ಕಕ್ಕಿಟ್ಟು ಕುಳಿತುಕೊಳ್ಳಲಿ. ಒಂದು ಲೇಖನವನ್ನು ಮೌನವಾಗಿ ಓದಲಿ, ಗಡಿಯಾರ ನೋಡಿ ಸಮಯ ಬರೆದಿಡಲಿ, ಪುಸ್ತಕ ಮುಚ್ಚಿ ಐದು ವಾಕ್ಯ ಬರೆಯಲಿ. ತಿಳಿಯದ ಪದಕ್ಕೆ ಕೂಡಲೇ ನಿಘಂಟು ತೆರೆಯದೆ ಹಿಂದುಮುಂದಿನ ವಾಕ್ಯದಿಂದ ಅರ್ಥ ಊಹಿಸಲಿ, ಆಮೇಲೆ ಸರಿನೋಡಲಿ. ಪರೀಕ್ಷಾ ಕೊಠಡಿಯಲ್ಲಿ ನಿಘಂಟು ಇರುವುದಿಲ್ಲ. ತಮ್ಮ ತಪ್ಪುಗಳಿಗೆಂದೇ ಒಂದು ನೋಟುಬುಕ್ ಇರಲಿ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ, ಉತ್ತರವು ಗದ್ಯದ ಯಾವ ಸಾಲಿನಲ್ಲಿದೆಯೆಂದು ಬೆರಳಿಟ್ಟು ತೋರಿಸುವಂತೆ ಕೇಳಿರಿ. ಬುದ್ಧಿವಂತ ಮಕ್ಕಳು ಗದ್ಯದಲ್ಲಿಲ್ಲದ ಸ್ವಂತ ಅಭಿಪ್ರಾಯವನ್ನು ಗುರುತು ಹಾಕಿ ಅಂಕ ಕಳೆದುಕೊಳ್ಳುವುದೇ ಹೆಚ್ಚು. ಓದು ಬಾರದ ತಾಯಂದಿರು ಚಿಂತಿಸಬೇಕಿಲ್ಲ. ಮಗು ಓದಿದ್ದನ್ನು ಕೇಳಿಸಿಕೊಂಡು, 'ಯಾಕೆ ಹಾಗೆ?' ಎಂದು ಕೇಳಿದರೆ ಸಾಕು. ಪಟ್ಟೆದಂಚು ಸೀರೆ ನೇಯುವ ಗಜೇಂದ್ರಗಡದವರಿಗೆ ಎಳೆ ತಪ್ಪಿದ ಜಾಗ ಹುಡುಕುವುದನ್ನು ನಾವು ಕಲಿಸಬೇಕೇ!

ಹೆಣ್ಣುಮಕ್ಕಳ ವಿಷಯದಲ್ಲಿ ಒಂದೇ ಮಾತು. ಪಿಯುಸಿಯಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ಪಡೆದ ತಂಗಿಯನ್ನು, ಪರೀಕ್ಷಾ ಕೇಂದ್ರ ದೂರವೆಂಬ ಕಾರಣಕ್ಕೆ ಮನೆಯಲ್ಲಿ ಕೂರಿಸಬೇಡಿರಿ. ಎರಡು ಮೂರು ಮನೆಯವರು ಕೂಡಿ ಒಬ್ಬ ಹಿರಿಯರೊಂದಿಗೆ ಕಳುಹಿಸಿರಿ.

ಮೂರೂ ಊರುಗಳ ಜಮಾಅತ್ ಕಮಿಟಿಗಳಲ್ಲಿ ವಿನಂತಿ: ತಮ್ಮ ವ್ಯಾಪ್ತಿಯ ಉರ್ದು ಶಾಲೆಗಳಲ್ಲಿ ಕನ್ನಡ ಶಿಕ್ಷಕರ ಹುದ್ದೆ ಎಷ್ಟು, ಖಾಲಿ ಎಷ್ಟು, ಎಂದಿನಿಂದ ಖಾಲಿ ಎಂಬುದನ್ನು ಈ ತಿಂಗಳೊಳಗೆ ಬರೆದುಕೊಳ್ಳಿರಿ. ರೋಣ ಮತ್ತು ನರಗುಂದದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಅರ್ಜಿ ಸಲ್ಲಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿರಿ. ಆ ಅರ್ಜಿಯನ್ನು ಕಮಿಟಿಯ ಕಾರ್ಯದರ್ಶಿ ಬರೆಯುವುದು ಬೇಡ. ಪಿಯುಸಿ ಓದುತ್ತಿರುವ ಹುಡುಗ ಹುಡುಗಿಯರನ್ನು ಕೂರಿಸಿ ಅವರಿಂದಲೇ ಬರೆಯಿಸಿರಿ.