ಭಾಳ, ಅಗದೀ, ರಗಡ: ನಮ್ಮ ಮಾತಿನ ಅಳತೆಗೋಲುಗಳು

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಸಭಾಂಗಣದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಕ್ಕಳೇ, ಇವತ್ತಿನ ಸಮಾರಂಭದ ಬಗ್ಗೆ ಒಂದು ವಾಕ್ಯ ಹೇಳುತ್ತೇನೆ, ಅರ್ಥ ಹೇಳಿರಿ. "ಸಮಾರಂಭಕ್ಕೆ ಬಹಳ ಹಳೆಯ ವಿದ್ಯಾರ್ಥಿಗಳು ಬಂದಿದ್ದಾರೆ." ಹಳೆಯ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದಾರೆ ಎಂದು ಅರ್ಥವೇ? ಅಥವಾ ಬಂದವರೆಲ್ಲ ಮೊದಲ ತಂಡದವರು, ತಲೆ ನರೆತವರು ಎಂದೇ? ಎರಡೂ ಅರ್ಥ ಹೊರಡುತ್ತವೆ. ಮುಂದಿನ ಸಾಲಿನಲ್ಲಿ ಕುಳಿತವರು ಬೇಸರ ಮಾಡಿಕೊಳ್ಳಬಾರದು! ಇಲ್ಲಿ ತೊಡಕು ತಂದದ್ದು 'ಬಹಳ' ಎಂಬ ಒಂದೇ ಶಬ್ದ. ಅದು ಎಣಿಕೆಯನ್ನೂ ಹೇಳುತ್ತದೆ, ಗುಣದ ಮಟ್ಟವನ್ನೂ ಹೇಳುತ್ತದೆ.

ಈಗ ಇದನ್ನೇ ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಮಾತಿನಲ್ಲಿ ಹೇಳಿ ನೋಡಿರಿ. "ಹಳೇ ಹುಡುಗರು ರಗಡ ಮಂದಿ ಬಂದಾರ" ಎಂದರೆ ಎಣಿಕೆ. "ಅಗದೀ ಹಳೇ ಹುಡುಗರು ಬಂದಾರ" ಎಂದರೆ ವಯಸ್ಸು. ರಗಡ, ಜಗ್ಗಿ ಎಂಬವು ಎಷ್ಟು ಎಂದು ಹೇಳುತ್ತವೆ. ಅಗದೀ ಎಂಬುದು ಎಂಥ ಎಂಬುದಕ್ಕೆ ಒತ್ತು ಕೊಡುತ್ತದೆ. ಪುಸ್ತಕದ ಭಾಷೆ ಒಂದೇ ಶಬ್ದದಿಂದ ಎರಡು ಕೆಲಸ ಮಾಡಿಸುವಲ್ಲಿ ನಿಮ್ಮ ಅಜ್ಜಿಯ ಭಾಷೆ ಎರಡು ಶಬ್ದ ಇಟ್ಟುಕೊಂಡಿದೆ. ಗುಣವಾಚಕಕ್ಕೆ ಒತ್ತು ಕೊಡುವ ಇಂಥ ಶಬ್ದಗಳ ಬಗ್ಗೆಯೇ ಇವತ್ತು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಇವು ಮಾತಿನ ಅಳತೆಗೋಲುಗಳು. ಅಳತೆ ತಪ್ಪಿದರೆ ಬಟ್ಟೆಯೂ ಕೆಡುತ್ತದೆ, ಮಾತೂ ಕೆಡುತ್ತದೆ.

ನಮ್ಮ ಊರಿನಿಂದ ಹೋಗಿ ಸಿಂಗಪುರ, ಮಲೇಶಿಯಾಗಳಲ್ಲಿ ಕೆಲಸ ಮಾಡುವವರು ಈಗ ಇದ್ದಾರೆ. ಅಲ್ಲಿಯ ರಾಷ್ಟ್ರಭಾಷೆ ಮಲಯ್. ಆ ಭಾಷೆಯಲ್ಲಿ ಎಣಿಕೆಗೆ 'ಬಾನ್ಯಾಕ್' ಎಂಬ ಶಬ್ದ, ಮಟ್ಟಕ್ಕೆ 'ಸಂಗತ್' ಎಂಬ ಶಬ್ದ. 'ಬಾನ್ಯಾಕ್ ರೂಮಾಹ್' ಎಂದರೆ ರಗಡ ಮನೆಗಳು. 'ಸಂಗತ್ ಬೆಸಾರ್' ಎಂದರೆ ಅಗದೀ ದೊಡ್ಡದು. ಅಲ್ಲಿಯ ಶಾಲಾ ವ್ಯಾಕರಣದಲ್ಲಿ ಇಂಥ ಒತ್ತಿನ ಶಬ್ದಗಳನ್ನು ಅವು ನಿಲ್ಲುವ ಜಾಗದ ಮೇಲಿಂದ ಮೂರು ಗುಂಪು ಮಾಡಿ ಕಲಿಸುತ್ತಾರೆ. 'ತೆರ್ಲಾಲು' ಮೊದಲಾದವು ಗುಣವಾಚಕದ ಮುಂದೆ ಬರುತ್ತವೆ. 'ಸೆಕಾಲಿ' ಮೊದಲಾದವು ಅದರ ಹಿಂದೆ ಬರುತ್ತವೆ. 'ಸಂಗತ್' ಮೊದಲಾದವು ಎರಡೂ ಕಡೆ ನಿಲ್ಲಬಲ್ಲವು. 'ಸಂಗತ್ ಬೆಸಾರ್' ಎನ್ನಬಹುದು, 'ಬೆಸಾರ್ ಸೆಕಾಲಿ' ಎನ್ನಬಹುದು. ಆದರೆ ಎರಡನ್ನೂ ಕೂಡಿಸಿ 'ಸಂಗತ್ ಬೆಸಾರ್ ಸೆಕಾಲಿ' ಎಂದು ಬರೆದರೆ ಅಲ್ಲಿಯ ಗುರುಗಳು ಒಂದನ್ನು ಹೊಡೆದು ಹಾಕುತ್ತಾರೆ. ಅಂದಹಾಗೆ, ಶಿಕ್ಷಕರಿಗೆ ಅವರೂ 'ಗುರು' ಎಂದೇ ಅನ್ನುತ್ತಾರೆ. ನಾವು 'ಮಹಾ ಜಾಣ' ಎನ್ನುವಾಗಿನ 'ಮಹಾ' ಕೂಡ ಅವರಲ್ಲಿದೆ. ಸಂಸ್ಕೃತ ನಮ್ಮ ಮನೆಗೂ ಬಂತು, ಸಮುದ್ರ ದಾಟಿ ಅವರ ಮನೆಗೂ ಹೋಯಿತು.

ಇನ್ನು ಒತ್ತಿನ ಶಬ್ದಗಳ ಹೊಟ್ಟೆಯೊಳಗೆ ಏನಿದೆ ಎಂದು ನೋಡೋಣ. 'ತುಂಬಾ' ಬಂದದ್ದು 'ತುಂಬು' ಎಂಬ ಕ್ರಿಯೆಯಿಂದ. ಮನೆ ತುಂಬ ಮಂದಿ, ಕೊಡ ತುಂಬ ನೀರು ಎನ್ನುವಾಗ ಆ ಅರ್ಥ ಕಣ್ಣಿಗೆ ಕಾಣುತ್ತದೆ. ಬಳಸುತ್ತ ಬಳಸುತ್ತ ಅದು ಎಷ್ಟು ಸವೆದಿದೆ ಎಂದರೆ, "ಡಬ್ಬಿ ತುಂಬಾ ಖಾಲಿ" ಎಂದರೂ ಯಾರೂ ನಗುವುದಿಲ್ಲ. 'ತೀರಾ' ಬಂದದ್ದು 'ತೀರು' ಎಂಬುದರಿಂದ. 'ಅತಿ' ಎಂದರೆ ಮೀರಿದ್ದು, ಗೆರೆ ದಾಟಿದ್ದು. ಮಲಯ್ ಭಾಷೆಯ 'ತೆರ್ಲಾಲು' ಒಳಗೂ 'ಲಾಲು' ಇದೆ, ಹಾಗೆಂದರೆ ದಾಟಿಹೋಗುವುದು. ನಾವು "ಖರೇನ ಚೊಲೋ ಐತಿ" ಎನ್ನುತ್ತೇವೆ, ಅಂದರೆ ಸತ್ಯವಾಗಿ. ಮಲಯ್‌ನವರು 'ಬೆಸಾರ್ ಬೆನಾರ್' ಎನ್ನುತ್ತಾರೆ. 'ಬೆನಾರ್' ಎಂದರೂ ಸತ್ಯ. ಇಂಗ್ಲಿಷಿನ 'ವೆರಿ' ಎಂಬುದು ಕೂಡ ಹಳೆಯ ಫ್ರೆಂಚಿನಲ್ಲಿ 'ಸತ್ಯ' ಎಂಬ ಅರ್ಥದ ಶಬ್ದದಿಂದ ಬಂದದ್ದು. ಮೂರು ದೂರದ ಊರಿನ ಜನ ಒಂದೇ ದಾರಿ ಹಿಡಿದಿದ್ದಾರೆ: ಮಾತಿಗೆ ಒತ್ತು ಬೇಕಾದಾಗ 'ಇದು ಖರೆ' ಎಂದು ಆಣೆ ಇಟ್ಟ ಹಾಗೆ ಹೇಳಿದ್ದಾರೆ. ಹಾಗಾದರೆ ಒತ್ತಿನ ಶಬ್ದ ಬಳಸುವವನ ಮೇಲೆ ಸತ್ಯದ ಹೊಣೆ ಇದೆ ಎಂದಾಯಿತು.

ನಿಮ್ಮ ವ್ಯಾಕರಣ ಪಾಠದಲ್ಲಿ ದ್ವಿರುಕ್ತಿ ಓದಿದ್ದೀರಿ. ತುದಿಯ ತುದಿ 'ತುತ್ತತುದಿ', ನಡುವಿನ ನಡು 'ನಟ್ಟನಡು', ಬಯಲಿನ ಬಯಲು 'ಬಟ್ಟಬಯಲು'. ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟುಬಿಡಬೇಡಿರಿ. ಇವು ಕನ್ನಡ ತನ್ನ ಕೈಯಾರೆ ಮಾಡಿಕೊಂಡ ಒತ್ತುಗಳು. ಹಾಗೆಯೇ 'ಹಚ್ಚ ಹಸಿರು', 'ಹೊಚ್ಚ ಹೊಸ'. ಹಚ್ಚ ಎಂಬುದು ಹಸಿರಿಗೇ ಅಂಟಿಕೊಂಡಿದೆ. 'ಹಚ್ಚ ಕೆಂಪು' ಎನ್ನಲಾಗದು. ಮಲಯ್‌ನಲ್ಲಿಯೂ ಇಂಥ ಜೋಡಿಗಳಿವೆ. ಕಡುಕಪ್ಪಿಗೆ 'ಹಿತಾಮ್ ಲೆಗಾಮ್', ಕಗ್ಗತ್ತಲೆಗೆ 'ಗೆಲಾಪ್ ಗೆಲಿತಾ'. ಆದರೆ ಎರಡು ಸಲ ಹೇಳಿದ್ದೆಲ್ಲ ಒತ್ತು ಅಲ್ಲ ಎಂಬುದು ನೆನಪಿರಲಿ. 'ದೊಡ್ಡ ದೊಡ್ಡ ಮನೆಗಳು' ಎಂದಾಗ ದೊಡ್ಡತನಕ್ಕಿಂತ ಅಂಥ ಮನೆಗಳು ಹಲವು ಇವೆ ಎಂಬುದೇ ಮುಖ್ಯ. ಮಲಯ್‌ನಲ್ಲಿ 'ಬೆಸಾರ್-ಬೆಸಾರ್' ಎಂದರೂ ಹೀಗೆಯೇ. ಮನೆಯಲ್ಲಿ ನಾವು "ಬಿಸಲಂದ್ರ ಬಿಸಲು", "ಖಾರಂದ್ರ ಖಾರ" ಎನ್ನುತ್ತೇವಲ್ಲ, ಅಲ್ಲಿ ಎರಡು ಸಲ ಹೇಳುವುದು ಒತ್ತಿಗಾಗಿಯೇ.

ಇಂಥ ಮಾತನ್ನು ತರಗತಿಯಲ್ಲಿ ಆಡಲು ಮಕ್ಕಳು ನಾಚುತ್ತಾರೆ. 'ಭಾಳ' ಎಂದರೆ ಹಳ್ಳಿಗರು, 'ತುಂಬಾ' ಎಂದರೆ ಕಲಿತವರು ಎಂದು ಯಾರೋ ಅವರ ತಲೆಯಲ್ಲಿ ತುಂಬಿರುತ್ತಾರೆ. ನಾಚಿದ ಮಗು ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುವುದಿಲ್ಲ. ಇದು ಸಣ್ಣ ನಷ್ಟವಲ್ಲ. 'ಭಾಳ' ಎಂಬುದು ಕೆಟ್ಟ ಕನ್ನಡವೂ ಅಲ್ಲ. 'ಬಹಳ'ದ ನಡುವಿನ ಹಕಾರ ಮುಂದೆ ಸರಿದು ಬಕಾರಕ್ಕೆ ಸೇರಿತು, ಅಷ್ಟೇ. ಇನ್ನು ಅಗದೀ, ರಗಡ ಮರಾಠಿಯಲ್ಲಿಯೂ ಇರುವ ಮಾತುಗಳು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಧಾರವಾಡ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. ಕಚೇರಿ, ಪೇಟೆ, ನಾಟಕ ಎಲ್ಲ ಕಡೆ ಎರಡು ಭಾಷೆ ಕೂಡಿ ಬಾಳಿದವು. 1890ರಲ್ಲಿ ಇಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಕನ್ನಡಕ್ಕೆ ಅದರ ಜಾಗ ಕೊಡಿಸುವುದಕ್ಕೆ. ಕನ್ನಡ ಉಳಿಯಿತು, ಬಂದ ಶಬ್ದಗಳನ್ನೂ ತನ್ನವನ್ನಾಗಿ ಮಾಡಿಕೊಂಡಿತು. ಜರ್ಮನಿಯಿಂದ ಬಾಸೆಲ್ ಮಿಶನ್ನಿನ ಮೂಲಕ ಬಂದ ಫರ್ಡಿನೆಂಡ್ ಕಿಟೆಲ್ಲರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ದೊಡ್ಡ ನಿಘಂಟಿನಲ್ಲಿ ಕಾವ್ಯದ ಶಬ್ದಗಳ ಪಕ್ಕದಲ್ಲಿಯೇ ಮರಾಠಿ, ಹಿಂದೂಸ್ತಾನಿಗಳಿಂದ ಬಂದ ಆಡುಮಾತುಗಳಿಗೂ ಜಾಗ ಕೊಟ್ಟರು. ಅವರಿಗೆ ಇಲ್ಲದ ನಾಚಿಕೆ ನಮಗೇಕೆ?

ಇಷ್ಟು ಹೇಳಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಒತ್ತಿನ ಶಬ್ದ ರೊಕ್ಕ ಇದ್ದ ಹಾಗೆ. ಹೆಚ್ಚು ಚಲಾವಣೆಯಾದರೆ ಬೆಲೆ ಇಳಿಯುತ್ತದೆ. 'ಉತ್ತಮ' ಎಂಬ ಸಂಸ್ಕೃತ ಶಬ್ದದ ಒಳಗೇ 'ಎಲ್ಲಕ್ಕಿಂತ ಮೇಲಿನದು' ಎಂಬ ಅರ್ಥ ಇದೆ. ನಾವು ಅದಕ್ಕೆ 'ಅತಿ' ಸೇರಿಸಿ 'ಅತ್ಯುತ್ತಮ' ಮಾಡಿದೆವು. ಅದೂ ಸಾಲದೆ 'ಬಹಳ ಅತ್ಯುತ್ತಮ' ಎನ್ನುತ್ತೇವೆ. ಸನ್ಮಾನದ ಸಭೆಗಳಲ್ಲಿ ಎಲ್ಲರೂ 'ಅತ್ಯಂತ' ಆದಾಗ ನಿಜವಾಗಿ ದುಡಿದವರನ್ನು ಹೊಗಳಲು ಶಬ್ದವೇ ಉಳಿಯುವುದಿಲ್ಲ.

ಹೇಳಬೇಕಾದದ್ದಕ್ಕೆ ಅಂಕಿ ಇದ್ದರೆ ಒತ್ತಿನ ಶಬ್ದ ಬೇಡ. ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 'ಭಾಳ ಉದ್ದ' ಎಂದರೆ ಕೇಳಿದವರು ಹೌದಾ ಎಂದು ಸುಮ್ಮನಾಗುತ್ತಾರೆ. 1507 ಮೀಟರ್ ಎಂದು ಹೇಳಿರಿ, ಕಣ್ಣರಳಿಸುತ್ತಾರೆ. ನಿಮ್ಮ ಓಣಿಗೆ ನೀರು 'ಬಹಳ ತಡವಾಗಿ' ಬರುತ್ತದೆ ಎಂದು ಅರ್ಜಿ ಬರೆಯುವ ಬದಲು ಎಷ್ಟು ದಿನಕ್ಕೊಮ್ಮೆ, ಎಷ್ಟು ತಾಸು ಬರುತ್ತದೆ ಎಂದು ಬರೆಯಿರಿ. ಆ ಅರ್ಜಿಯನ್ನು ಸುಲಭವಾಗಿ ಬದಿಗಿಡಲು ಬರುವುದಿಲ್ಲ.

ನಮ್ಮ ತಾಯಂದಿರದು ಬೇರೆಯೇ ರೀತಿ. ಅವರು ಒತ್ತಿನ ಶಬ್ದ ಬಳಸುವುದೇ ಇಲ್ಲ. ಹೊಟ್ಟೆಯಲ್ಲಿ ಸಂಕಟ ಇದ್ದರೂ ಡಾಕ್ಟರರ ಮುಂದೆ "ಏನಿಲ್ರೀ, ಒಂದೀಟ ನೋಯ್ತದ" ಎನ್ನುತ್ತಾರೆ. ಡಾಕ್ಟರು ಒಂದೀಟಿಗೆ ಒಂದೀಟೇ ಔಷಧ ಬರೆಯುತ್ತಾರೆ. ಎಷ್ಟೋ ಮನೆಗಳಲ್ಲಿ ತಾಯಿಯ ಜೊತೆ ದವಾಖಾನೆಗೆ ಹೋಗುವವರು ನೀವೇ, ಹೈಸ್ಕೂಲಿನ ಮಕ್ಕಳು. ಅಲ್ಲಿ ಬಾಯಿ ತೆರೆಯಿರಿ. 'ತುಂಬಾ ನೋವು' ಎಂದಷ್ಟೇ ಹೇಳಿ ಬಿಡಬೇಡಿರಿ. "ನಾಕ್ ದಿನಾ ಆತ್ರೀ, ರಾತ್ರಿ ನಿದ್ದಿ ಹತ್ತವಲ್ದು, ಒಲಿ ಮುಂದ ಕೂಡ್ರಾಕ ಆಗವಲ್ದು" ಎಂದು ಹೇಳಿರಿ. ಮನೆಮಾತಿನಲ್ಲಿಯೇ ಹೇಳಿರಿ. ವ್ಯಾಕರಣ ಕಲಿಯುವುದು ಅಂಕಕ್ಕಾಗಿ ಮಾತ್ರವಲ್ಲ. ನಮ್ಮವರ ನೋವು ಇದ್ದಷ್ಟೇ ಆಗಿ ಇನ್ನೊಬ್ಬರಿಗೆ ಮುಟ್ಟಲಿ ಎಂಬುದಕ್ಕೂ ಹೌದು.

ಗುರುಗಳಲ್ಲಿ ಒಂದು ವಿನಂತಿ. ಉತ್ತರಪತ್ರಿಕೆಯಲ್ಲಿ 'ಬಹಳ' ಬರೆಯುವುದನ್ನು ಖಂಡಿತ ಕಲಿಸಿರಿ. ಬೀದರದವರಿಗೂ ಚಾಮರಾಜನಗರದವರಿಗೂ ತಿಳಿಯುವ ಒಂದು ಕನ್ನಡ ಬೇಕು. ಆದರೆ ಮಗು ಎದ್ದು 'ಅಗದೀ' ಎಂದಾಗ ನಗಬೇಡಿರಿ, ಬೇರೆಯವರಿಗೂ ನಗಲು ಬಿಡಬೇಡಿರಿ. ಮಕ್ಕಳಿಗೆ ಒಂದು ಮನೆಗೆಲಸ: ಬರುವ ಭಾನುವಾರದೊಳಗೆ ಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ಕೇಳಿದ ಇಂಥ ಹತ್ತು ಒತ್ತಿನ ಶಬ್ದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿರಿ. ಯಾರು ಆಡಿದ್ದು, ಯಾವುದರ ಬಗ್ಗೆ ಆಡಿದ್ದು ಎಂಬುದನ್ನೂ ಬರೆಯಿರಿ. ಐವತ್ತು ವರ್ಷ ತುಂಬಿದ ಈ ಶಾಲೆಯ ಗ್ರಂಥಾಲಯದಲ್ಲಿ ಆ ಪಟ್ಟಿಗೂ ಒಂದು ಜಾಗ ಇರಲಿ.