ಹಿರಿಯರ ಆರೋಗ್ಯ ವಿಮೆ: ಸಹಿಗೆ ಮುನ್ನ ಲೆಕ್ಕ

ಸನ್ಮಾನ್ಯ ಸದಸ್ಯರೇ,

ನಂದಿ ಹೋಬಳಿಯ ಹಿರಿಯರು ಖಾಸಗಿ ಆರೋಗ್ಯ ವಿಮೆ ಕೊಳ್ಳುವಾಗ ಕಂತನ್ನಷ್ಟೇ ನೋಡುವುದು ಸಾಲದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ವಿಮೆಗೆ ಶೇ. 18ರ ಜಿಎಸ್‌ಟಿ ಇಲ್ಲ. ಆದರೂ ವಯಸ್ಸಿನೊಡನೆ ಕಂತು ಏರುತ್ತದೆ. ಮೊದಲೇ ಇರುವ ಕಾಯಿಲೆಗೆ 3 ವರ್ಷಗಳವರೆಗೆ ಕಾಯಬೇಕಾಗಬಹುದು; ಆಸ್ಪತ್ರೆಯ ಬಿಲ್ಲಿನಲ್ಲಿ ರೋಗಿಯ ಪಾಲೂ ಇರಬಹುದು. ನಿತ್ಯ ಸೇವಿಸುವ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳ ವೆಚ್ಚವನ್ನು ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ. ಹಣವಿಲ್ಲದೆ ಮಾತ್ರೆ ಬಿಟ್ಟವರಿಗೆ ಪಾರ್ಶ್ವವಾಯುವಿನ ಅಪಾಯವಿದೆ.

ಈ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಜನೌಷಧಿ ಕೇಂದ್ರದಲ್ಲಿ ಅಗ್ಗ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದೆ. ತಮ್ಮ ವಾರ್ಡಿನಲ್ಲಿ ಮಾತ್ರೆ ನಿಲ್ಲಿಸಿದ ಹಿರಿಯರು ಯಾರೆಂದು ಆಶಾ ಕಾರ್ಯಕರ್ತೆಯರೊಡನೆ ಗುರುತಿಸಿ, ಮುಂದಿನ ಗ್ರಾಮಸಭೆಗೆ ತಿಳಿಸಬೇಕೆಂದು ವಿನಂತಿಸುತ್ತೇನೆ.