ಮಕ್ಕಳ ವಿಷಯದಲ್ಲಿ ಮೌನ ಸಲ್ಲದು
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದ ಮೇಲೂ ಅವನ ಅನುಗ್ರಹವಿರಲಿ.

ಸಹೋದರರೇ, ಮಕ್ಕಳು ಅಲ್ಲಾಹನು ನಮಗೆ ಒಪ್ಪಿಸಿರುವ ಅಮಾನತ್. ನಮ್ಮ ಕೈಕೆಳಗಿನವರ ಬಗ್ಗೆ ನಾವು ಉತ್ತರ ಕೊಡಬೇಕಾಗುತ್ತದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ನಮಾಝ್‌ನಲ್ಲಿ ಮಗುವಿನ ಅಳು ಕೇಳಿದರೆ, ತಾಯಿಗೆ ಕಷ್ಟವಾಗಬಾರದೆಂದು ಅವರು ನಮಾಝನ್ನೇ ಚುಟುಕುಗೊಳಿಸುತ್ತಿದ್ದರು. ಬಾಲಕರಾಗಿದ್ದಾಗಲೇ ಅವರ ಸೇವೆಗೆ ಸೇರಿದ ಅನಸ್(ರ) ಹತ್ತು ವರ್ಷಗಳಲ್ಲಿ ಒಮ್ಮೆಯೂ ಬೈಗುಳ ಕೇಳಲಿಲ್ಲ. ಇಂಥ ಪ್ರವಾದಿಯ ಸಮುದಾಯದವರಾದ ನಾವು, ಕಲಿಸುವ ಹೆಸರಿನಲ್ಲಿ ಮಕ್ಕಳ ಮೈಮೇಲೆ ಬಾಸುಂಡೆ ಬರಿಸುವುದನ್ನು ಹೇಗೆ ಸಮರ್ಥಿಸುತ್ತೇವೆ?

ಹೊಡೆಯದಿದ್ದರೂ ಮಗುವಿಗೆ ಅನ್ಯಾಯವಾಗುವುದುಂಟು. ಗಲ್ಫ್‌ನಲ್ಲಿ ದುಡಿಯುವ ತಂದೆ ಫೋನಿನಲ್ಲಿ ಮಾರ್ಕು ಕೇಳುತ್ತಾನೆ, ಫೀಸು ಕಳುಹಿಸುತ್ತಾನೆ. ಊರಲ್ಲೇ ಇರುವ ತಂದೆ ರಾತ್ರಿ ಮಕ್ಕಳು ಮಲಗಿದ ಮೇಲೆ ಮನೆಗೆ ಬರುತ್ತಾನೆ. ಮಗು ಯಾರ ಜೊತೆಗಿದೆ, ಯಾವುದಕ್ಕೆ ಹೆದರುತ್ತಿದೆ ಎಂದು ವಿಚಾರಿಸುವವರಿಲ್ಲ. ಇದೂ ಅಮಾನತ್‌ನಲ್ಲಿ ಮಾಡುವ ಲೋಪವೇ.

ಇನ್ನು, ಹೇಳಲು ನಾಲಿಗೆ ತಡವರಿಸುವ ವಿಷಯ: ಲೈಂಗಿಕ ದೌರ್ಜನ್ಯ. 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ಗಂಡುಮಕ್ಕಳೂ ಹೆಣ್ಣುಮಕ್ಕಳಷ್ಟೇ ಸಂಖ್ಯೆಯಲ್ಲಿದ್ದರು. ಇಂಥ ಕೃತ್ಯ ಎಸಗುವವರು ಹೆಚ್ಚಾಗಿ ಪರಿಚಿತರು: ಬಂಧು, ನೆರೆಯವ, ಕಲಿಸುವವನು, ವಾಹನದ ಚಾಲಕ. ‘ನಮ್ಮವರೇ ತಾನೇ’ ಎಂಬ ನಂಬಿಕೆಯನ್ನೇ ಅವರು ಬಳಸಿಕೊಳ್ಳುತ್ತಾರೆ.

ಮಕ್ಕಳೊಡನೆ ಈ ಬಗ್ಗೆ ಮಾತನಾಡುವುದು ಲಜ್ಜೆಗೇಡಿತನವಲ್ಲ. ಸೂರಃ ಅನ್ನೂರ್ ದಿನದ ಮೂರು ಹೊತ್ತಿನಲ್ಲಿ ಮಕ್ಕಳೂ ಅನುಮತಿ ಕೇಳಿ ಒಳಬರಬೇಕೆಂದು ಕಲಿಸುತ್ತದೆ. ಹತ್ತು ವರ್ಷವಾದಾಗ ಮಕ್ಕಳ ಹಾಸಿಗೆ ಬೇರೆ ಮಾಡಬೇಕೆಂಬ ಪ್ರವಾದಿ ಬೋಧನೆಯೂ ನಮಗೆ ಗೊತ್ತು. ಅದರಂತೆಯೇ, ‘ನಿನ್ನ ಮೈಯನ್ನು ಯಾರಾದರೂ ಇಷ್ಟವಿಲ್ಲದಂತೆ ಮುಟ್ಟಿದರೆ, ಯಾರಿಗೂ ಹೇಳಬೇಡ ಎಂದರೆ, ಕೂಡಲೇ ನಮಗೆ ಹೇಳು’ ಎಂದು ಚಿಕ್ಕ ವಯಸ್ಸಿನಲ್ಲೇ ಕಲಿಸೋಣ. ಅತಿಥಿಗೆ ಮುತ್ತು ಕೊಡಲು ಮಗು ಒಪ್ಪದಿದ್ದರೆ ಬಲವಂತ ಬೇಡ. ಮಗು ಇದ್ದಕ್ಕಿದ್ದಂತೆ ಮಂಕಾದರೆ, ಯಾರದೋ ಮನೆಗೆ ಅಥವಾ ತರಗತಿಗೆ ಹೋಗಲು ಅತ್ತರೆ, ಗದರಿಸುವ ಮೊದಲು ಕಾರಣ ಕೇಳೋಣ. ಅದು ಬಾಯಿ ಬಿಟ್ಟಾಗ ನಂಬೋಣ. ‘ತಪ್ಪು ನಿನ್ನದಲ್ಲ’ ಎನ್ನೋಣ.

ಆಮೇಲೆ ಏನು ಮಾಡುತ್ತೇವೆ? ಮನೆತನದ ಮಾನ, ಜಮಾಅತ್‌ನ ಹೆಸರು ಎಂದು ಮುಚ್ಚಿಹಾಕುವುದು, ನಾಲ್ವರು ಕುಳಿತು ರಾಜಿ ಮಾಡಿಸುವುದು, ಆರೋಪಿಯನ್ನು ಬೇರೆ ಊರಿಗೆ ಕಳುಹಿಸುವುದು. ಆ ಊರಿನಲ್ಲಿ ಮಕ್ಕಳಿಲ್ಲವೇ? ಸಹೋದರನ ದೋಷವನ್ನು ಮುಚ್ಚಬೇಕೆಂಬ ಬೋಧನೆ ಮಗುವಿನ ಮೇಲಾದ ಅಕ್ರಮವನ್ನು ಅಡಗಿಸಲು ಇರುವುದಲ್ಲ. ಅಕ್ರಮಿಯ ಕೈ ಹಿಡಿದು ತಡೆಯುವುದೇ ಅವನಿಗೆ ಮಾಡುವ ಸಹಾಯವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಸ್ವಂತ ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ಸಾಕ್ಷ್ಯ ನುಡಿಯಬೇಕೆಂಬುದು ಸೂರಃ ಅನ್ನಿಸಾದ ಆದೇಶ.

ನಾಡಿನ ಕಾನೂನೂ ಇದನ್ನೇ ಬಯಸುತ್ತದೆ. 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ರಕ್ಷಣೆ ನೀಡುತ್ತದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಮಗುವಿನ ಗುರುತನ್ನು ಪತ್ರಿಕೆಗಳು ಬಹಿರಂಗಪಡಿಸುವಂತಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಆಗ ಪೊಲೀಸರು ಸಮವಸ್ತ್ರದಲ್ಲಿ ಇರಕೂಡದು. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ನಮ್ಮ ಮಸೀದಿ, ಮದ್ರಸ ಸಮಿತಿಗಳು ಈ ವಾರವೇ ಕೆಲವು ಕೆಲಸ ಮಾಡಲಿ. ಕಲಿಸುವವರನ್ನು ನೇಮಿಸುವ ಮುನ್ನ ಹಿಂದಿನ ಊರಿನಲ್ಲಿ ವಿಚಾರಿಸಲಿ. ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಒಂದು ಮಗುವಿನೊಡನೆ ಇರದಂತೆ ನಿಯಮ ಮಾಡಲಿ. ಬೆತ್ತವನ್ನು ತರಗತಿಯಿಂದ ಹೊರಗಿಡಲಿ. 1098 ಸಂಖ್ಯೆಯನ್ನು ನೋಟಿಸ್ ಬೋರ್ಡಿನಲ್ಲಿ ಮಕ್ಕಳ ಕಣ್ಣಿಗೆ ಬೀಳುವಂತೆ ಬರೆಯಲಿ. ಪ್ರಾಮಾಣಿಕ ಉಸ್ತಾದರ ಗೌರವವನ್ನೂ ಇದೇ ಕಾಪಾಡುತ್ತದೆ.

ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನೇ ಅಂತ್ಯದಿನದಂದು ವಿಚಾರಿಸಲಾಗುವುದೆಂದು ಕುರ್‌ಆನ್ ತಿಳಿಸುತ್ತದೆ. ನಮ್ಮ ಮೌನದಲ್ಲಿ ಹೂತುಹೋದ ಮಕ್ಕಳು ಅಂದು ನಮ್ಮ ವಿರುದ್ಧ ನಿಲ್ಲದಿರಲಿ. ಅಲ್ಲಾಹನು ನಮ್ಮ ಮಕ್ಕಳನ್ನು ರಕ್ಷಿಸಲಿ. ನೊಂದ ಮಕ್ಕಳಿಗೆ ಸಾಂತ್ವನ ನೀಡಲಿ. ಸತ್ಯ ಹೇಳುವ ಧೈರ್ಯವನ್ನು ನಮಗೆ ಕರುಣಿಸಲಿ. ಆಮೀನ್.